‘ಅನುಮತಿ ಇದೆ’ ಎಂದಿತು ಗೋ, ‘ಇಲ್ಲ’ ಎಂದಿತು ಕರ್ನಲ್: ಯಾರ ಮಾತು ನಂಬುವುದು?

ಪ್ರಶ್ನೆ: ನಮ್ಮದು ಮೈಸೂರಿನ ಸಣ್ಣ ಸಂಸ್ಥೆ. ಲೆಕ್ಕಪತ್ರ ವಿಭಾಗದ ಫೈಲ್‌ಗಳನ್ನು ಓದಿ ರಾತ್ರಿ ಹೊತ್ತು ವರದಿ ತಯಾರಿಸುವ ಪ್ರೋಗ್ರಾಂ ಒಂದು ಗೋ ಭಾಷೆಯಲ್ಲಿದೆ. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಗೋ 1.17.2, ಉಬುಂಟು 20.04. ಫೈಲ್ ಓದಲು ಅನುಮತಿ ಇದೆಯೇ ಎಂದು ಪ್ರೋಗ್ರಾಂ ಮೊದಲು ಎಫ್‌ಆಕ್ಸೆಸ್‌ಆಟ್ ಎಂಬ ಫಂಕ್ಷನ್ ಮೂಲಕ ಕೇಳುತ್ತದೆ. ‘ಇದೆ’ ಎಂದು ಉತ್ತರ ಬರುತ್ತದೆ. ಮುಂದಿನ ಸಾಲಿನಲ್ಲೇ ತೆರೆಯಲು ಹೋದರೆ ‘ಪರ್ಮಿಷನ್ ಡಿನೈಡ್’. ಫೈಲ್‌ನ ಮಾಲೀಕ ರೂಟ್ (ಯಂತ್ರದ ಸರ್ವಾಧಿಕಾರಿ ಬಳಕೆದಾರ), ಗುಂಪು ‘ಅಕೌಂಟ್ಸ್’, ಅನುಮತಿ 640. ಪ್ರೋಗ್ರಾಂ ಓಡುವುದು ‘ರಿಪೋರ್ಟ್’ ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ಸಾವಿರಾರು ಜನ ಕಣ್ಣಾಡಿಸುವ ಓಪನ್ ಸೋರ್ಸ್ ಭಾಷೆಯಲ್ಲಿ ಇಷ್ಟು ಸರಳ ವಿಷಯ ತಪ್ಪಾಗುವುದುಂಟೇ? ಪೈಥಾನ್‌ಗೋ ರಸ್ಟ್‌ಗೋ ಬದಲಾಯಿಸಿದರೆ ಈ ತಲೆನೋವು ತಪ್ಪುತ್ತದೆಯೇ?

ಉತ್ತರ: ತಪ್ಪಾಗುವುದುಂಟು, ಆಗಿಯೂ ಇದೆ. ನೀವು ಆವೃತ್ತಿಯನ್ನೂ ಫೈಲ್‌ನ 640 ಅನ್ನೂ ಗುಂಪಿನ ಹೆಸರನ್ನೂ ಬರೆದಿದ್ದರಿಂದ ರೋಗ ಹಿಡಿಯುವುದು ಸುಲಭವಾಯಿತು. ಇದು ಸಿವಿಇ-2022-29526 ಎಂಬ ಸಂಖ್ಯೆಯ ದೋಷ (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಗಳ ಪಟ್ಟಿ). 2022ರ ಮೇ ತಿಂಗಳಲ್ಲಿ ಗೋ 1.17.10 ಮತ್ತು 1.18.2 ಆವೃತ್ತಿಗಳಲ್ಲಿ ಸರಿಪಡಿಸಲಾಯಿತು. ಆದರೆ ಆವೃತ್ತಿ ಏರಿಸಿ ಸುಮ್ಮನಾಗಿ ಎಂದು ಹೇಳಲಾರೆ. ಏರಿಸಿದ ಮೇಲೆ ಆ ಫಂಕ್ಷನ್ ‘ಇಲ್ಲ’ ಎಂದು ನಿಜ ಹೇಳುತ್ತದೆ, ಅಷ್ಟೆ. ನಿಮ್ಮ ವರದಿ ಆಗಲೂ ತಯಾರಾಗುವುದಿಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಲಿನಕ್ಸ್ ಕರ್ನಲ್, ಎಂದರೆ ಉಬುಂಟುವಿನ ಒಳತಿರುಳು, ಈ ತೀರ್ಮಾನವನ್ನು ಹೇಗೆ ಮಾಡುತ್ತದೆ ಎಂಬುದನ್ನು ನೋಡಿ. ಫೈಲ್‌ಗೆ ಮೂರು ಅಂಕಿಗಳ ಅನುಮತಿ ಇರುತ್ತದೆ: ಮಾಲೀಕನಿಗೆ ಒಂದು, ಗುಂಪಿಗೆ ಒಂದು, ಉಳಿದವರಿಗೆ ಒಂದು. ಕೇಳುತ್ತಿರುವವನು ಮಾಲೀಕನೇ ಆಗಿದ್ದರೆ ಮೊದಲ ಅಂಕಿ ಮಾತ್ರ ಲೆಕ್ಕಕ್ಕೆ, ಉಳಿದೆರಡರತ್ತ ಕರ್ನಲ್ ತಿರುಗಿಯೂ ನೋಡುವುದಿಲ್ಲ. ಮಾಲೀಕನಲ್ಲದಿದ್ದರೆ ಫೈಲ್‌ನ ಗುಂಪಿನಲ್ಲಿ ಅವನಿದ್ದಾನೆಯೇ ಎಂದು ನೋಡುತ್ತದೆ. ಇದ್ದರೆ ಎರಡನೆಯ ಅಂಕಿ, ಇಲ್ಲದಿದ್ದರೆ ಮೂರನೆಯದು. 0 ಎಂದರೆ ಏನೂ ಇಲ್ಲ, 7 ಎಂದರೆ ಎಲ್ಲ ಅನುಮತಿ. ಈ ನಿಯಮದ ಪ್ರಕಾರ 077 ಎಂದು ಗುರುತು ಹಾಕಿದ ಫೈಲ್ ಅನ್ನು ಊರಿನವರೆಲ್ಲ ಓದಬಹುದು, ಮಾಲೀಕ ಮಾತ್ರ ಓದಲಾರ. ಮೂರರಲ್ಲಿ ಯಾವುದಾದರೂ ಒಂದು ಒಪ್ಪಿದರೆ ಸಾಕು ಎಂದು ಭಾವಿಸಿ ಕೋಡ್ ಬರೆದವರನ್ನು ಬೇಕಾದಷ್ಟು ಕಂಡಿದ್ದೇನೆ.

ನಿಮ್ಮ ವಿಷಯದಲ್ಲಿ ‘ರಿಪೋರ್ಟ್’ ಮಾಲೀಕನಲ್ಲ, ‘ಅಕೌಂಟ್ಸ್’ ಗುಂಪಿನಲ್ಲೂ ಇಲ್ಲ. ಉಳಿದದ್ದು ಮೂರನೆಯ ಅಂಕಿ, ಅದು ಸೊನ್ನೆ. ಕರ್ನಲ್ ಬಾಗಿಲು ಹಾಕಿದ್ದು ಸರಿಯಾಗಿಯೇ ಇದೆ.

ಹಾಗಾದರೆ ಗೋ ‘ಇದೆ’ ಎಂದದ್ದು ಹೇಗೆ? ಅದು ಕರ್ನಲ್ ಅನ್ನು ಕೇಳಲೇ ಇಲ್ಲ. ಎಫ್‌ಆಕ್ಸೆಸ್‌ಆಟ್ ಎಂಬ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಲಿನಕ್ಸ್‌ನಲ್ಲಿ ಮೊದಲಿನಿಂದಲೂ ಅರೆಬರೆ. ಸಿ ಭಾಷೆಯ ಲೈಬ್ರರಿಯಲ್ಲಿ ಅದಕ್ಕೆ ನಾಲ್ಕು ವಿವರ ಕೊಡಬೇಕು, ನಾಲ್ಕನೆಯದು ‘ಫ್ಲ್ಯಾಗ್ಸ್’. ಕರ್ನಲ್ ತೆಗೆದುಕೊಳ್ಳುತ್ತಿದ್ದುದು ಮೂರನ್ನು ಮಾತ್ರ. ನಾಲ್ಕನೆಯದನ್ನೂ ಒಪ್ಪುವ ಎಫ್‌ಆಕ್ಸೆಸ್‌ಆಟ್2 ಬಂದದ್ದು 2020ರ 5.8 ಕರ್ನಲ್‌ನಲ್ಲಿ. ಉಬುಂಟು 20.04 ಬಿಡುಗಡೆಯಾದಾಗ ಅದರ ಜೊತೆ ಬಂದದ್ದು 5.4. ಅದಕ್ಕೂ ಮುಂಚೆ ಜಿಲಿಬ್‌ಸಿ ಎಂಬ ಸಿ ಲೈಬ್ರರಿ ಈ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು: ಸ್ಟ್ಯಾಟ್ ಕರೆದು ಫೈಲ್‌ನ ಮಾಲೀಕ, ಗುಂಪು, ಅಂಕಿಗಳನ್ನು ತರಿಸಿಕೊಂಡು, ಕರ್ನಲ್ ಮಾಡುವ ಲೆಕ್ಕವನ್ನು ತನ್ನ ಮಟ್ಟದಲ್ಲಿ ಮತ್ತೊಮ್ಮೆ ಮಾಡುತ್ತಿತ್ತು. ‘ಫ್ಲ್ಯಾಗ್ಸ್’ ಸೊನ್ನೆಯಲ್ಲದಿದ್ದಾಗ ಗೋ ಬಳಗವೂ ಅದನ್ನೇ ಅನುಸರಿಸಿತು, ನಿಮ್ಮ ಪ್ರೋಗ್ರಾಂ ಹಾಗೆ ಕೇಳುತ್ತಿರಬೇಕು. ಜನ ಇದು ಸಿ ಫಂಕ್ಷನ್‌ನ ಹಾಗೆಯೇ ನಡೆದುಕೊಳ್ಳಬೇಕೆಂದು ನಿರೀಕ್ಷಿಸುವುದರಿಂದ ನಾವೂ ಹಾಗೆಯೇ ಮಾಡಿದ್ದೇವೆ ಎಂಬರ್ಥದ ಟಿಪ್ಪಣಿಯೂ ಕೋಡ್‌ನಲ್ಲಿತ್ತು.

ದೋಷ ಇದ್ದದ್ದು ಒಂದೇ ಸಾಲಿನಲ್ಲಿ. ಆ ಸಾಲನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಹೀಗೆ: ‘ಪ್ರೋಗ್ರಾಂನ ಮುಖ್ಯ ಗುಂಪೂ ಫೈಲ್‌ನ ಗುಂಪೂ ಒಂದೇ ಆಗಿದ್ದರೆ, ಅಥವಾ ಈ ಪ್ರೋಗ್ರಾಂ ಆ ಗುಂಪಿನ ಸದಸ್ಯನಾಗಿದ್ದರೆ, ಎರಡನೆಯ ಅಂಕಿ ನೋಡು.’ ‘ಆ ಗುಂಪು’ ಎಂದರೆ ಫೈಲ್‌ನ ಗುಂಪು ಆಗಬೇಕಿತ್ತು. ಸದಸ್ಯತ್ವ ಪರೀಕ್ಷಿಸುವ ಫಂಕ್ಷನ್‌ಗೆ ಕೈತಪ್ಪಿ ಪ್ರೋಗ್ರಾಂನ ಸ್ವಂತ ಗುಂಪಿನ ಸಂಖ್ಯೆಯನ್ನೇ ಕೊಟ್ಟುಬಿಟ್ಟಿದ್ದರು. ನೀನು ನಿನ್ನ ಗುಂಪಿನಲ್ಲಿ ಇದ್ದೀಯಾ ಎಂದು ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? ಸಾಮಾನ್ಯವಾಗಿ ಲಾಗಿನ್ ಆದವರ ಗುಂಪುಗಳ ಪಟ್ಟಿಯಲ್ಲಿ ಅವರ ಮುಖ್ಯ ಗುಂಪೂ ಇರುತ್ತದೆ. ಹೀಗಾಗಿ ಮಾಲೀಕನಲ್ಲದ ಪ್ರತಿಯೊಬ್ಬನೂ ಫೈಲ್‌ನ ಗುಂಪಿಗೆ ಸೇರಿದವನೆಂದೇ ಗೋ ಲೆಕ್ಕ ಹಾಕುತ್ತಿತ್ತು. ನಿಮ್ಮ 640ರಲ್ಲಿ ಎರಡನೆಯ ಅಂಕಿ 4, ಓದಬಹುದು ಎಂದರ್ಥ. ನಿಮಗೆ ಬಂದ ‘ಇದೆ’ ಅಲ್ಲಿಂದ ಬಂದದ್ದು. ಅಂಕಿ ತಿರುವುಮುರುವಾಗಿ 604 ಇದ್ದಿದ್ದರೆ ಉಲ್ಟಾ ಆಗುತ್ತಿತ್ತು: ಫೈಲ್ ಧಾರಾಳವಾಗಿ ತೆರೆಯುತ್ತಿತ್ತು, ಗೋ ಮಾತ್ರ ಆಗದು ಎನ್ನುತ್ತಿತ್ತು.

ಇಲ್ಲೊಂದು ಸಣ್ಣ ವಿಪರ್ಯಾಸವಿದೆ. ಗೋ ಭಾಷೆ ಅಂಕಿಗಳ ಬಗೆಗಳ ವಿಚಾರದಲ್ಲಿ ಬಹಳ ಕಟ್ಟುನಿಟ್ಟು. ಫೈಲ್‌ನ ಗುಂಪಿನ ಸಂಖ್ಯೆ ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕ, ಪ್ರೋಗ್ರಾಂನ ಗುಂಪಿನ ಸಂಖ್ಯೆ ಸಾದಾ ಪೂರ್ಣಾಂಕ. ಸದಸ್ಯತ್ವದ ಫಂಕ್ಷನ್ ಕೇಳುತ್ತಿದ್ದುದು ಸಾದಾ ಪೂರ್ಣಾಂಕವನ್ನು. ಅಂದರೆ ತಪ್ಪು ಮೌಲ್ಯ ತಕರಾರಿಲ್ಲದೆ ಕಂಪೈಲ್ ಆಗುತ್ತಿತ್ತು, ಸರಿಯಾದದ್ದನ್ನು ಕೊಟ್ಟಿದ್ದರೆ ಕಂಪೈಲರ್ ತಡೆದು ಪರಿವರ್ತಿಸಿ ಕೊಡಿ ಎನ್ನುತ್ತಿತ್ತು!

‘ಸಾವಿರಾರು ಕಣ್ಣು’ ಎಂದಿರಿ. ಕಣ್ಣುಗಳಿದ್ದವು. ಆದರೆ ಈ ಸಾಲು ಓಡುವ ಪರಿಸ್ಥಿತಿಯೇ ಪರೀಕ್ಷೆಗಳಲ್ಲಿ ಬರುವುದು ಅಪರೂಪ. ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಓಡಿಸಿದಾಗ ಪರೀಕ್ಷೆಯ ಫೈಲ್ ಸೃಷ್ಟಿಸುವವನೂ ಅವನೇ, ಹಾಗಾಗಿ ಲೆಕ್ಕ ಮಾಲೀಕನ ಅಂಕಿಯಲ್ಲೇ ಮುಗಿಯುತ್ತದೆ. ಕಂಟೇನರ್‌ನಲ್ಲಿ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಆವರಣದಲ್ಲಿ) ತಾನಾಗಿ ಓಡುವ ಪರೀಕ್ಷೆಗಳು ಬಹಳಷ್ಟು ಸಲ ರೂಟ್ ಹೆಸರಿನಲ್ಲಿ ನಡೆಯುತ್ತವೆ. ರೂಟ್‌ಗೆ ಓದುವ ಬರೆಯುವ ಎಲ್ಲದಕ್ಕೂ ಅನುಮತಿ, ಅಲ್ಲಿ ಲೆಕ್ಕ ಶುರುವಾಗುವುದೇ ಇಲ್ಲ. ಗುಂಪಿನ ದಾರಿಯನ್ನು ಪರೀಕ್ಷಿಸಬೇಕಾದರೆ ಇಬ್ಬರು ಬಳಕೆದಾರರು, ಒಂದು ಗುಂಪು, ಅವನ್ನೆಲ್ಲ ಸೃಷ್ಟಿಸಲು ಮೊದಲು ರೂಟ್, ಆಮೇಲೆ ರೂಟ್ ಅಧಿಕಾರ ಬಿಟ್ಟುಕೊಡುವುದು ಎಲ್ಲವೂ ಬೇಕು. ಒಂದು ಸಾಲಿಗಾಗಿ ಇಷ್ಟು ರಗಳೆ ಮಾಡಿಕೊಳ್ಳುವವರು ಕಡಿಮೆ.

ಇದೇ ಸಮಸ್ಯೆಯನ್ನು ಆಲ್ಪೈನ್ ಲಿನಕ್ಸ್‌ನಲ್ಲಿ ಬಳಸುವ ಮಸಲ್ ಎಂಬ ಸಿ ಲೈಬ್ರರಿ ಬೇರೆಯೇ ರೀತಿ ಬಿಡಿಸಿದೆ, ನನಗೆ ಅದು ಬಹಳ ಮೆಚ್ಚುಗೆ. ಅದು ಲೆಕ್ಕದ ಗೋಜಿಗೇ ಹೋಗುವುದಿಲ್ಲ. ಎಫ್‌ಆಕ್ಸೆಸ್‌ಆಟ್2 ಇಲ್ಲದ ಕರ್ನಲ್‌ನಲ್ಲಿ ಒಂದು ಚಿಕ್ಕ ಮರಿ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟಿಸಿ, ಅದರ ಗುರುತನ್ನು ಬೇಕಾದ ಹಾಗೆ ಬದಲಿಸಿ, ಅದರ ಮೂಲಕ ಕರ್ನಲ್ ಅನ್ನೇ ಕೇಳಿಸುತ್ತದೆ. ನಿಧಾನ, ನೋಡಲು ವಿಚಿತ್ರ. ಆದರೆ ಉತ್ತರ ಕೊಡುವುದು ಕರ್ನಲ್ಲೇ.

ಇದು ಏಕೆ ಮುಖ್ಯವೆಂದರೆ ಗೋ ಆ ಸಾಲನ್ನು ಸರಿಯಾಗಿ ಬರೆದಿದ್ದರೂ ಉತ್ತರ ಎಲ್ಲ ಕಡೆ ಸರಿಯಾಗುತ್ತಿರಲಿಲ್ಲ. ಮೂರು ಅಂಕಿಗಳು ಅನುಮತಿಯ ಒಂದು ಭಾಗ ಮಾತ್ರ. ಫೈಲ್‌ಗೆ ಸೆಟ್‌ಎಫ್‌ಎಸಿಎಲ್ ಬಳಸಿ ಎಸಿಎಲ್ (ಹೆಸರು ಹಿಡಿದು ಕೊಡುವ ಹೆಚ್ಚುವರಿ ಅನುಮತಿಗಳು) ಹಾಕಿದ್ದರೆ, ಪಟ್ಟಿಯಲ್ಲಿ ಗುಂಪಿನ ಜಾಗದಲ್ಲಿ ಕಾಣುವ ಅಂಕಿ ಗುಂಪಿನದ್ದೇ ಅಲ್ಲ, ಎಸಿಎಲ್‌ನ ‘ಮಾಸ್ಕ್’, ಎಂದರೆ ಗರಿಷ್ಠ ಮಿತಿ. ಅದನ್ನು ಗುಂಪಿನ ಅನುಮತಿ ಎಂದು ಓದಿದವರು ಮೋಸ ಹೋದರು. ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಕಾವಲು ವ್ಯವಸ್ಥೆ ಇದ್ದರೆ ಅಂಕಿಗಳೆಲ್ಲ ಒಪ್ಪಿದರೂ ಅದು ಬೇಡ ಎನ್ನಬಹುದು. ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಫೈಲ್ ಬಳಸುವ ವ್ಯವಸ್ಥೆ) ಕೊನೆಯ ಮಾತು ಇನ್ನೊಂದು ಯಂತ್ರದ್ದು. ಅಲ್ಲಿ ರೂಟ್ ಅನ್ನೂ ಸಾಮಾನ್ಯನನ್ನಾಗಿ ಕಾಣುವುದು ವಾಡಿಕೆ, ಹಾಗಾಗಿ ‘ರೂಟ್‌ಗೆ ಎಲ್ಲವೂ ಸರಿ’ ಎಂಬ ಲೆಕ್ಕವೂ ಬಿದ್ದುಹೋಗುತ್ತದೆ. ಭಾಷೆಯ ಲೈಬ್ರರಿ ಇವನ್ನೆಲ್ಲ ತನ್ನೊಳಗೆ ಮತ್ತೆ ಕಟ್ಟಲು ಹೊರಟರೆ ಇನ್ನೊಂದು ಕರ್ನಲ್ಲನ್ನೇ ಬರೆಯಬೇಕು. ಬರೆದಷ್ಟರಲ್ಲಿ ತಪ್ಪು ಇರುತ್ತದೆ, ಬರೆಯದಷ್ಟರಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇರುತ್ತದೆ.

ಕೇಳುವುದು ಕರ್ನಲ್ಲನ್ನೇ ಆದರೂ ನಡುವೆ ಇನ್ನೊಬ್ಬರು ಬಾಯಿ ಹಾಕುವುದುಂಟು. 2021ರಲ್ಲಿ ಜಿಲಿಬ್‌ಸಿ 2.33 ಮತ್ತು ಆಲ್ಪೈನ್ 3.14 ಹೊಸ ಎಫ್‌ಆಕ್ಸೆಸ್‌ಆಟ್2 ಅನ್ನು ಬಳಸಲು ಆರಂಭಿಸಿದಾಗ ಹಳೆಯ ಡಾಕರ್ (ಕಂಟೇನರ್ ಓಡಿಸುವ ತಂತ್ರಾಂಶ) ಇದ್ದವರು ಒದ್ದಾಡಿದರು. ಗೊತ್ತಿಲ್ಲದ ಸಿಸ್ಟಂ ಕಾಲ್ ಬಂದರೆ ‘ಅಂಥದ್ದು ಇಲ್ಲಿ ಇಲ್ಲ’ ಎನ್ನುವ ಬದಲು ‘ನಿನಗೆ ಅನುಮತಿ ಇಲ್ಲ’ ಎಂದು ಡಾಕರ್‌ನ ಸೆಕ್‌ಕಾಂಪ್ ಜರಡಿ ಹೇಳುತ್ತಿತ್ತು. ಮೊದಲ ಉತ್ತರ ಬಂದಿದ್ದರೆ ಲೈಬ್ರರಿ ಹಳೆಯ ದಾರಿಗೆ ಇಳಿಯುತ್ತಿತ್ತು. ಎರಡನೆಯದು ಬಂದಿದ್ದರಿಂದ ಮೇಕ್ ಎಂಬ ಸಾಧನ ಓಡಿಸಿದವರಿಗೆ ‘ಬಿನ್/ಎಸ್‌ಎಚ್ ಓಡಿಸಲು ಅನುಮತಿ ಇಲ್ಲ’ ಎಂಬ ಅಸಂಬದ್ಧ ಸಂದೇಶ ಕಂಡಿತು. ಫೈಲ್ ಸರಿ, ಅಂಕಿ ಸರಿ, ಬಳಕೆದಾರ ರೂಟ್, ಆದರೂ ಇಲ್ಲ! ನೀವು ಮುಂದೆ ಕಂಟೇನರ್‌ಗೆ ಹೋಗುವುದಾದರೆ ಇದು ತಲೆಯಲ್ಲಿರಲಿ.

ಇನ್ನು ಭಾಷೆ ಬದಲಿಸುವ ವಿಚಾರ. ಪೈಥಾನ್‌ನಲ್ಲಿ ಓಎಸ್.ಆಕ್ಸೆಸ್ ಎಂಬುದಿದೆ. ಲಿನಕ್ಸ್‌ನಲ್ಲಿ ಅದು ಕರ್ನಲ್ಲನ್ನೇ ಕೇಳುತ್ತದೆ, ಆದರೆ ಕೇಳುವುದು ಅಸಲಿ ಬಳಕೆದಾರನ, ಎಂದರೆ ಪ್ರೋಗ್ರಾಂ ಓಡಿಸಿದವನ, ಹೆಸರಿನಲ್ಲಿ. ಫೈಲ್ ತೆರೆಯುವಾಗ ಲೆಕ್ಕಕ್ಕೆ ಬರುವುದು ಆ ಕ್ಷಣ ಚಾಲ್ತಿಯಲ್ಲಿರುವ ಗುರುತು. ಆಕ್ಸೆಸ್ ಎಂಬ ಕರೆ ಹುಟ್ಟಿದ್ದೇ ಸೆಟ್‌ಯುಐಡಿ ಪ್ರೋಗ್ರಾಂಗಳಿಗಾಗಿ, ಎಂದರೆ ಓಡಿಸಿದವನ ಬದಲು ತಮ್ಮ ಫೈಲ್‌ನ ಮಾಲೀಕನ ಅಧಿಕಾರದಲ್ಲಿ ಓಡುವವುಗಳಿಗಾಗಿ. ರೂಟ್ ಅಧಿಕಾರದಲ್ಲಿ ಓಡುತ್ತಿರುವ ಪ್ರೋಗ್ರಾಂ ‘ನನ್ನನ್ನು ಓಡಿಸಿದ ಮನುಷ್ಯನಿಗೆ ಇದನ್ನು ಮುಟ್ಟುವ ಹಕ್ಕಿದೆಯೇ’ ಎಂದು ತಿಳಿಯಲಿ ಎಂಬುದು ಉದ್ದೇಶ. ಎರಡೂ ಗುರುತು ಒಂದೇ ಇದ್ದರೆ ವ್ಯತ್ಯಾಸ ಕಾಣುವುದಿಲ್ಲ, ಬೇರೆ ಇದ್ದ ದಿನ ಗೊಂದಲ. ಪೈಥಾನ್ 3.3ರಿಂದ ಚಾಲ್ತಿ ಗುರುತಿನಲ್ಲಿ ಕೇಳುವ ಆಯ್ಕೆ ಸೇರಿದೆ.

ವಿಂಡೋಸ್‌ನಲ್ಲಿ ಇದೇ ಓಎಸ್.ಆಕ್ಸೆಸ್ ಇನ್ನೂ ಸಡಿಲ. ಬರೆಯಬಹುದೇ ಎಂದು ಕೇಳಿದರೆ ಅದು ನೋಡುವುದು ಫೈಲ್‌ನ ‘ರೀಡ್ ಓನ್ಲಿ’ ಗುರುತನ್ನು ಮಾತ್ರ. ವಿಂಡೋಸ್‌ನ ನಿಜವಾದ ಅನುಮತಿ ಪಟ್ಟಿಯ ಕಡೆಗೆ ಅದು ಹೋಗುವುದೇ ಇಲ್ಲ. ಫೋಲ್ಡರ್ ಆದರೆ ಆ ಗುರುತನ್ನೂ ನೋಡದೆ ಬರೆಯಬಹುದು ಎಂದುಬಿಡುತ್ತದೆ. ಈ ಕುರಿತು 2008ರಲ್ಲೇ ದೂರು ದಾಖಲಾಗಿದೆ. ಸರಿಪಡಿಸಲು ಹೊರಟರೆ ಮತ್ತೆ ಅದೇ ಪ್ರಶ್ನೆ: ವಿಂಡೋಸ್ ಮಾಡುವ ಲೆಕ್ಕವನ್ನು ಪೈಥಾನ್ ಏಕೆ ಮತ್ತೊಮ್ಮೆ ಮಾಡಬೇಕು?

ರಸ್ಟ್ ಮೆಮೊರಿ ದೋಷಗಳಿಂದ ಕಾಪಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಫೈಲ್ ವ್ಯವಸ್ಥೆಯ ಮುಂದೆ ಅದೂ ಉಳಿದವರಂತೆಯೇ. ಫೋಲ್ಡರ್ ಅನ್ನು ಬುಡಸಮೇತ ಅಳಿಸುವ ಅದರ ರಿಮೂವ್‌_ಡಿರ್‌_ಆಲ್ ಫಂಕ್ಷನ್‌ನಲ್ಲಿ 1.0.0ರಿಂದ 1.58.0 ತನಕ, ಎಂದರೆ 2015ರಿಂದ ಏಳು ವರ್ಷದ ಹತ್ತಿರ, ಒಂದು ಬಿರುಕಿತ್ತು. ಸಿವಿಇ-2022-21658. ಫೋಲ್ಡರ್‌ನೊಳಗಿನ ಪ್ರತಿ ಹೆಸರನ್ನೂ ಅದು ‘ಇದು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈತೋರುವ ಹೆಸರು) ಹೌದೇ’ ಎಂದು ಮೊದಲು ಪರೀಕ್ಷಿಸಿ, ಅಲ್ಲವೆಂದಾದರೆ ಒಳಹೊಕ್ಕು ಅಳಿಸುತ್ತಿತ್ತು. ಪರೀಕ್ಷೆಗೂ ಒಳಹೊಗುವುದಕ್ಕೂ ನಡುವಿನ ಕ್ಷಣದಲ್ಲಿ ಕಿಡಿಗೇಡಿಯೊಬ್ಬ ಆ ಉಪಫೋಲ್ಡರ್ ತೆಗೆದು ಅದೇ ಹೆಸರಿನಲ್ಲಿ ಬೇರೊಂದು ಜಾಗಕ್ಕೆ ಸಿಮ್‌ಲಿಂಕ್ ಇಟ್ಟರೆ, ಹೆಚ್ಚಿನ ಅಧಿಕಾರದಲ್ಲಿ ಓಡುತ್ತಿರುವ ಪ್ರೋಗ್ರಾಂ ಅವನು ತೋರಿಸಿದ್ದನ್ನೇ ಅಳಿಸುತ್ತಿತ್ತು. ಹಬ್ಬದ ಸಮಯದಲ್ಲಿ ಬಸ್‌ನ ಖಾಲಿ ಸೀಟನ್ನು ಕಿಟಕಿಯಿಂದ ಕಂಡು ಬಾಗಿಲ ಕಡೆ ಓಡಿದವರಿಗೆ ಇದರ ತತ್ವ ಗೊತ್ತಿರುತ್ತದೆ, ಹತ್ತಿ ನೋಡುವಷ್ಟರಲ್ಲಿ ಅಲ್ಲಿ ಯಾರದೋ ಟವೆಲ್. 2022ರ ಜನವರಿಯ 1.58.1ರಲ್ಲಿ ಪರಿಹಾರ ಬಂತು. ಅಂದಿನಿಂದ ಅದು ಫೋಲ್ಡರ್ ಅನ್ನು ಸಿಮ್‌ಲಿಂಕ್ ಹಿಂಬಾಲಿಸದ ಷರತ್ತಿನೊಂದಿಗೆ ಮೊದಲು ತೆರೆದು ಕೈಯಲ್ಲಿ ಹಿಡಿದುಕೊಂಡು, ಆ ಹಿಡಿತದ ಮೂಲಕವೇ ಒಳಗಿನದನ್ನು ಅಳಿಸುತ್ತದೆ. ಹೆಸರು ಬದಲಾದರೂ ಹಿಡಿದ ಫೋಲ್ಡರ್ ಬದಲಾಗುವುದಿಲ್ಲ. ಆ ಸಮಯದ ಭದ್ರತಾ ಪ್ರಕಟಣೆಯಲ್ಲಿ ರಸ್ಟ್ ಬಳಗ ಒಂದು ಮಾತು ಸೇರಿಸಿತ್ತು: ಈ ಫಂಕ್ಷನ್ ಕರೆಯುವ ಮುಂಚೆ ನಿಮ್ಮ ಕೋಡ್‌ನಲ್ಲಿ ಇನ್ನೊಂದು ತಪಾಸಣೆ ಸೇರಿಸಿ ಪ್ರಯೋಜನವಿಲ್ಲ, ಆ ತಪಾಸಣೆಯೂ ಇದೇ ಬಲೆಗೆ ಬೀಳುತ್ತದೆ. ರೂಬಿ, ಪರ್ಲ್‌ಗಳಲ್ಲಿ ಫೋಲ್ಡರ್ ಅಳಿಸುವ ಫಂಕ್ಷನ್‌ಗಳಲ್ಲೂ ಇದೇ ಜಾತಿಯ ದೋಷಗಳು ಬೇರೆ ಬೇರೆ ವರ್ಷಗಳಲ್ಲಿ ಸಿಕ್ಕಿವೆ.

ಭಾಷೆಯೇ ಕಾವಲುಗಾರನಾಗಲು ಹೊರಟಾಗ ಕಥೆ ಇನ್ನೂ ಬಿಗಡಾಯಿಸುತ್ತದೆ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ 20ನೇ ಆವೃತ್ತಿಯಲ್ಲಿ, 2023ರಲ್ಲಿ, ಪ್ರೋಗ್ರಾಂಗೆ ಇಂಥ ಫೋಲ್ಡರ್ ಮಾತ್ರ ಓದಲು ಬಿಡುವ ಪ್ರಾಯೋಗಿಕ ಅನುಮತಿ ವ್ಯವಸ್ಥೆ ಬಂತು. ಕೆಲವೇ ತಿಂಗಳಲ್ಲಿ ಫೈಲ್‌ನ ದಾರಿಯಲ್ಲಿ ಎರಡು ಚುಕ್ಕಿ ಹಾಕಿ ಮೇಲಿನ ಫೋಲ್ಡರ್‌ಗೆ ಜಿಗಿಯುವ ಹಳೆಯ ತಂತ್ರ ಅಲ್ಲಿ ನಡೆಯುತ್ತದೆಂದು ಗೊತ್ತಾಯಿತು, ಮುಚ್ಚಿದರು. ಆಮೇಲೆ ಅದೇ ದಾರಿಯನ್ನು ಅಕ್ಷರಗಳ ಬದಲು ಬಫರ್ (ಬೈಟ್‌ಗಳ ಸರಣಿ) ರೂಪದಲ್ಲಿ ಕೊಟ್ಟರೆ ತಪಾಸಣೆ ತಪ್ಪಿಸಿಕೊಳ್ಳಬಹುದೆಂದು ಕಂಡಿತು, ಅದು ಸಿವಿಇ-2023-32004. ಅದನ್ನೂ ಮುಚ್ಚಿದ ಮೇಲೆ ಬಫರ್ ಅಲ್ಲದ ಯುಇಂಟ್8ಅರೇ ಎಂಬ ಇನ್ನೊಂದು ಬೈಟ್ ಸರಣಿಯ ರೂಪದಲ್ಲಿ ಕೊಟ್ಟರೆ? ಸಿವಿಇ-2023-39332. ಒಂದೇ ಬಾಗಿಲಿಗೆ ಎಷ್ಟು ಕೀಲಿಕೈ ಇವೆಯೆಂದು ಬಾಗಿಲು ಮಾಡಿದವರಿಗೇ ಲೆಕ್ಕವಿರಲಿಲ್ಲ. ಪಿಎಚ್‌ಪಿ ‘ಸೇಫ್ ಮೋಡ್’ ಎಂಬುದನ್ನು ವರ್ಷಗಟ್ಟಲೆ ಹೊತ್ತುಕೊಂಡು, ಇದನ್ನು ಪಿಎಚ್‌ಪಿ ಮಟ್ಟದಲ್ಲಿ ಪರಿಹರಿಸಲು ಹೊರಡುವುದೇ ವಿನ್ಯಾಸದ ತಪ್ಪು ಎಂದು ತನ್ನ ಕೈಪಿಡಿಯಲ್ಲೇ ಒಪ್ಪಿಕೊಂಡು, 2012ರ 5.4ರಲ್ಲಿ ಕಿತ್ತುಹಾಕಿತು. ಜಾವಾ ತನ್ನ ಸೆಕ್ಯುರಿಟಿ ಮ್ಯಾನೇಜರ್ ಅನ್ನು 17ರಲ್ಲಿ ಬಳಸಬೇಡಿ ಎಂದು ಹೇಳಿ, 24ರಲ್ಲಿ ಪೂರ್ತಿ ನಿಷ್ಕ್ರಿಯಗೊಳಿಸಿತು.

ಹಾಗಾಗಿ ಭಾಷೆ ಬದಲಿಸಬೇಡಿ, ಬದಲಿಸಬೇಕಾದದ್ದು ಆ ಎರಡು ಸಾಲು. ಮುಂಚಿತವಾಗಿ ಕೇಳುವ ಸಾಲನ್ನು ತೆಗೆದುಹಾಕಿ ನೇರವಾಗಿ ಫೈಲ್ ತೆರೆಯಿರಿ. ತೆರೆದರೆ ಅನುಮತಿ ಇದೆ, ತೆರೆಯದಿದ್ದರೆ ಏಕೆಂಬುದನ್ನು ದೋಷದ ಸಂಕೇತವೇ ಹೇಳುತ್ತದೆ. ಗೋದಲ್ಲಿ ಅದು ಅನುಮತಿಯ ದೋಷವೋ ಫೈಲೇ ಇಲ್ಲದ ದೋಷವೋ ಎಂಬುದನ್ನು ಎರರ್ಸ್.ಇಸ್ ಬಳಸಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ಬೇರೆ ಲಾಗ್ ಸಾಲು ಬರೆಯಿರಿ. ಫೈಲ್‌ನ ಗಾತ್ರ, ಮಾಲೀಕ ಮುಂತಾದವು ಬೇಕಿದ್ದರೆ ತೆರೆದ ಫೈಲ್‌ನಿಂದಲೇ ಕೇಳಿ, ಹೆಸರು ಹಿಡಿದು ಮತ್ತೊಮ್ಮೆ ಹುಡುಕಬೇಡಿ. ಹೊರಗಿನವರು ಕೊಟ್ಟ ಹೆಸರಿನ ಫೈಲ್ ತೆರೆಯುವ ಸಂದರ್ಭವಿದ್ದರೆ 2025ರ ಗೋ 1.24ರಲ್ಲಿ ಬಂದ ಓಎಸ್.ರೂಟ್ ನೋಡಿ. ಒಂದು ಫೋಲ್ಡರ್ ಹಿಡಿದು, ಅದರಾಚೆಗೆ ಎರಡು ಚುಕ್ಕಿಯಿಂದಾಗಲಿ ಸಿಮ್‌ಲಿಂಕ್‌ನಿಂದಾಗಲಿ ಜಾರದಂತೆ ಅದು ತಡೆಯುತ್ತದೆ.

ಮುಂಚೆ ಕೇಳುವುದು ಎಲ್ಲಿಯೂ ಕೂಡದು ಎಂದಲ್ಲ. ಎಡಿಟರ್‌ನಲ್ಲಿ ಫೈಲ್ ತೆರೆದಾಗ ‘ಓದಲು ಮಾತ್ರ’ ಎಂದು ತೋರಿಸಲು, ಸೇವ್ ಗುಂಡಿಯನ್ನು ಮಂಕಾಗಿಸಲು ಅದು ಸಾಕು. ಉತ್ತರ ತಪ್ಪಾದರೆ ಗುಂಡಿ ಒತ್ತಿದಾಗ ಗೊತ್ತಾಗುತ್ತದೆ, ನಷ್ಟವಿಲ್ಲ. ನಿಮ್ಮಲ್ಲಿ ಆದದ್ದೂ ಆ ಮಟ್ಟದ್ದೇ, ಏಕೆಂದರೆ ತೆರೆಯುವಾಗ ಕರ್ನಲ್ ತಡೆಯಿತು. ಸೆಟ್‌ಯುಐಡಿ ಪ್ರೋಗ್ರಾಂ ಒಂದು ತನ್ನನ್ನು ಓಡಿಸಿದವನ ಪರವಾಗಿ ಇದೇ ಫಂಕ್ಷನ್ ಮೂಲಕ ಕೇಳಿ, ಸುಳ್ಳು ‘ಇದೆ’ಯನ್ನು ನಂಬಿ, ತನ್ನ ಹೆಚ್ಚಿನ ಅಧಿಕಾರದಲ್ಲಿ ಫೈಲ್ ತೆರೆದು ಕೊಟ್ಟಿದ್ದರೆ ಮಾತು ಬೇರೆ. ಅಂಥ ಪ್ರೋಗ್ರಾಂ ತೆರೆಯುವ ಮುಂಚೆ ತನ್ನ ಗುರುತನ್ನೇ ಕೆಳಗಿಳಿಸಿಕೊಳ್ಳಬೇಕು.

ಗೋ ಆವೃತ್ತಿಯನ್ನು ಏರಿಸುವುದು ಹೇಗೂ ಅಗತ್ಯ. ಗೋ ಬಳಗ ಬೆಂಬಲ ಕೊಡುವುದು ಇತ್ತೀಚಿನ ಎರಡು ಪ್ರಧಾನ ಆವೃತ್ತಿಗಳಿಗೆ ಮಾತ್ರ, 1.17 ಬೆಂಬಲ ಕಳೆದುಕೊಂಡು ಬಹಳ ಕಾಲವಾಯಿತು. ಗೋವಲ್ನ್‌ಚೆಕ್ ಎಂಬ ತಪಾಸಣಾ ಸಾಧನ ಓಡಿಸಿದರೆ ನಿಮ್ಮ ಕೋಡ್ ನಿಜವಾಗಿ ಕರೆಯುತ್ತಿರುವ ದೋಷಯುಕ್ತ ಫಂಕ್ಷನ್‌ಗಳ ಪಟ್ಟಿ ಸಿಗುತ್ತದೆ.

ಇನ್ನು ವರದಿಯ ಮಾತು. ‘ರಿಪೋರ್ಟ್’ ಈ ಫೈಲ್‌ಗಳನ್ನು ಓದಬೇಕೆಂಬುದು ಸಂಸ್ಥೆಯ ಇಚ್ಛೆಯೇ ಆಗಿದ್ದರೆ ಅದನ್ನು ‘ಅಕೌಂಟ್ಸ್’ ಗುಂಪಿಗೆ ಸೇರಿಸಿ. 644 ಮಾಡಿ ಕೈತೊಳೆದುಕೊಳ್ಳಬೇಡಿ, ಲೆಕ್ಕಪತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ. ಸೇರಿಸಿದ ಮೇಲೂ ‘ಡಿನೈಡ್’ ಬಂದರೆ ಎರಡು ಕಡೆ ನೋಡಿ. ಒಂದು, ಫೈಲ್‌ವರೆಗಿನ ದಾರಿಯಲ್ಲಿರುವ ಯಾವುದಾದರೂ ಮೇಲಿನ ಫೋಲ್ಡರ್‌ನಲ್ಲಿ ಒಳಹೊಗುವ ಅನುಮತಿ ಇಲ್ಲದಿರಬಹುದು. ನೇಮ್‌ಐ ಆದೇಶವನ್ನು ಎಲ್ ಆಯ್ಕೆಯೊಂದಿಗೆ ಕೊಟ್ಟರೆ ದಾರಿಯ ಪ್ರತಿ ಮೆಟ್ಟಿಲಿನ ಮಾಲೀಕ, ಗುಂಪು, ಅಂಕಿಗಳು ಒಂದರ ಕೆಳಗೊಂದು ಕಾಣುತ್ತವೆ. ಎರಡು, ಪ್ರೋಸೆಸ್‌ನ ಗುಂಪುಗಳ ಪಟ್ಟಿ ಅದು ಶುರುವಾದಾಗ ನಿಗದಿಯಾಗುತ್ತದೆ. ಆಮೇಲೆ ಬಳಕೆದಾರನನ್ನು ಗುಂಪಿಗೆ ಸೇರಿಸಿದರೆ ಓಡುತ್ತಿರುವ ಪ್ರೋಗ್ರಾಂಗೆ ಸುದ್ದಿ ಮುಟ್ಟುವುದಿಲ್ಲ. ಪ್ರೋಕ್ ಫೋಲ್ಡರ್‌ನಲ್ಲಿ ಆ ಪ್ರೋಸೆಸ್‌ನ ಸ್ಟೇಟಸ್ ಫೈಲ್ ತೆರೆದು ‘ಗ್ರೂಪ್ಸ್’ ಸಾಲಿನಲ್ಲಿ ‘ಅಕೌಂಟ್ಸ್’ನ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡಿ.